ಹುಣಸೆಕಟ್ಟೆ ಕ್ರಾಸಿನ ಐದು ನಿಮಿಷ

ತಡವಾಗುವುದೆಂದರೆ ನನಗೆ ಆಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಾನು ಮಾಡಿಕೊಂಡ ಎಡವಟ್ಟಿಗೆಲ್ಲ ಈ ಗುಣವೇ ಕಾರಣ. ಕೊಟ್ಟೂರಿನಿಂದ ಹರಪನಹಳ್ಳಿ ಮೇಲೆ ತೆಲಿಗಿಗೆ ಹೋಗುವ ಬೆಳಗಿನ ಬಸ್ಸಿಗೆ ನಾನು ಕಂಡಕ್ಟರ್. ಹೆಸರು ಸುಮಂಗಲಾ. ಆರು ನಲವತ್ತಕ್ಕೆ ಹೊರಡಬೇಕು ಎಂದರೆ ಆರು ಮೂವತ್ತೊಂಬತ್ತಕ್ಕೆ ಸೀಟಿ ನನ್ನ ಬಾಯಲ್ಲಿರುತ್ತದೆ. ನಮ್ಮ ಮನೆಯ ಕುಕ್ಕರ್ ಕೂಡ ನನಗೆ ಹೆದರಿ ಬೇಗ ಕೂಗುತ್ತದೆ ಎಂದು ಹಾಸ್ಯ ಮಾಡುತ್ತಾನೆ ನನ್ನ ತಮ್ಮ ಪ್ರಬುದ್ಧ. ಮಾಡಲಿ ಬಿಡಿ, ಅವನು ಕೆಲಸಕ್ಕೆ ಹೋಗುವ ಹೊತ್ತಿಗೆ ಡಬ್ಬಿ ತುಂಬಿರುವುದು ನನ್ನಿಂದಲೇ.

ಇಂಥ ನನಗೆ ಜೋಡಿಯಾಗಿ ಸಿಕ್ಕ ಡ್ರೈವರ್ ಗಾದಿಲಿಂಗಪ್ಪಣ್ಣ. ವಯಸ್ಸು ಐವತ್ತೆರಡು, ಕೂಡ್ಲಿಗಿ ಕಡೆಯವರು. ಸ್ಟೇರಿಂಗ್ ಹಿಡಿದರೆ ಅವರಷ್ಟು ನಯವಾಗಿ ಗಾಡಿ ಓಡಿಸುವವರು ನಮ್ಮ ಡಿಪೋದಲ್ಲಿ ಇನ್ನೊಬ್ಬರಿಲ್ಲ. ರಸ್ತೆಯ ಗುಂಡಿಗಳು ಅವರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ಹಿಂದಿನ ಸೀಟಿನಲ್ಲಿ ಮಲಗಿದ ಕೂಸು ಎಚ್ಚರಾಗದಂತೆ ದಾಟಿಸುತ್ತಾರೆ. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ, ಅದರಲ್ಲಿ ಇಪ್ಪತ್ತು ಇದೇ ರೂಟಿನಲ್ಲಿ, ಒಂದು ಕುರಿಮರಿಗೂ ಗಾಯ ಮಾಡಿದವರಲ್ಲ. ಇದ್ದ ದೋಷ ಒಂದೇ, ಬೀಡಿ.

ಬಸ್ಸಿನೊಳಗೆ ಸೇದುವಂತಿಲ್ಲವಲ್ಲ, ಅದಕ್ಕೆ ಇಳಿದು ಸೇದುತ್ತಿದ್ದರು. ಕೊಟ್ಟೂರಿನಲ್ಲಿ ಚಹಾ ಕುಡಿದ ಮೇಲೆ ಒಂದು, ಹುಣಸೆಕಟ್ಟೆ ಕ್ರಾಸಿನಲ್ಲಿ ಒಂದು, ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಕಾಂಪೌಂಡ್ ಹಿಂದೆ ಒಂದು, ತೆಲಿಗಿಯಲ್ಲಿ ಇಳಿದ ಕೂಡಲೇ ಒಂದು, ಹೊರಡುವ ಮುಂಚೆ ಒಂದು. ಬರುವಾಗ ಇವೇ ಮತ್ತೆ ಹಿಂದುಮುಂದಾಗಿ. ಪ್ರತಿ ಬೀಡಿಗೂ ನನ್ನ ಐದು ನಿಮಿಷ ಹೊಗೆಯಾಗುತ್ತಿತ್ತು. ಡಿಪೋದಲ್ಲಿ ಮ್ಯಾನೇಜರ್ ಸಾಹೇಬರು ತಡ ಯಾಕೆ ಎಂದು ಕೇಳುತ್ತಿದ್ದುದು ನನ್ನನ್ನು. ಡ್ರೈವರ್ ಅಲ್ಲೇ ಪಕ್ಕದಲ್ಲಿ ಗೋಡೆ ನೋಡುತ್ತಾ ನಿಂತಿರುತ್ತಿದ್ದರು.

ಹುಣಸೆಕಟ್ಟೆ ಕ್ರಾಸಿನ ಬೀಡಿಯ ಕತೆಯೇ ಬೇರೆ. ಊರು ರಸ್ತೆಯಿಂದ ಒಳಗಿದೆ. ಕ್ರಾಸಿನಲ್ಲಿ ಗಂಗಪ್ಪನ ಗೂಡಂಗಡಿ, ಅಲ್ಲಿಂದ ನೇರವಾಗಿ ಒಂದೇ ಓಣಿ, ಎರಡೂ ಕಡೆ ಮನೆಗಳು, ಕೊನೆಗೆ ಎರ್ರೆಮ್ಮನ ಮನೆ. ಆ ಊರಲ್ಲಿ ಬಸ್ಸು ಬರುವ ಮುಂಚೆ ಬಂದು ನಿಲ್ಲುವ ಪದ್ಧತಿಯೇ ಇಲ್ಲ. ಬಸ್ಸು ಬಂದು, ಗಾದಿಲಿಂಗಪ್ಪಣ್ಣ ಇಳಿದು, ಗಂಗಪ್ಪನ ಅಂಗಡಿಯ ಮುಂದೆ ಬೀಡಿ ಹಚ್ಚಿದ ಮೇಲೆ ಜನ ಮನೆ ಬಿಡುತ್ತಿದ್ದರು. ಬೀಡಿ ಕಾಲು ಭಾಗ ಸುಟ್ಟಾಗ ಕಾಲೇಜು ಹುಡುಗಿಯರು ಬರುತ್ತಿದ್ದರು. ಅರ್ಧ ಸುಟ್ಟಾಗ ಹರಪನಹಳ್ಳಿಯ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ದುರುಗಮ್ಮ. ಬೆಂಕಿ ಬೀಡಿಗೆ ಸುತ್ತಿದ ದಾರದ ಹತ್ತಿರ ಬಂದಾಗ, ಸುತ್ತಲಿನ ಯಾವುದಾದರೂ ಊರಲ್ಲಿ ಸಂತೆ ಇದ್ದ ದಿನ, ಎರ್ರೆಮ್ಮ, ತಲೆಯ ಮೇಲೆ ಕೊತ್ತಂಬರಿ ಬುಟ್ಟಿ ಹೊತ್ತು. ಆಕೆ ಹತ್ತಿದಳು ಎಂದರೆ ಬೀಡಿ ಕಾಲ ಕೆಳಗೆ ಹೋಗುತ್ತಿತ್ತು, ಬಸ್ಸು ಹೊರಡುತ್ತಿತ್ತು. ಇನ್ನೂ ಅರ್ಧ ಬೀಡಿ ಐತಿ ಎಂದು ಸಮಾಧಾನವಾಗಿ ಜಡೆ ಹೆಣೆದುಕೊಳ್ಳುವ ಹೆಂಗಸರನ್ನು ನಾನು ಆ ಊರಲ್ಲಿ ಮಾತ್ರ ಕಂಡಿದ್ದು. ಟೈಮ್ ಟೇಬಲಿನಲ್ಲಿ ಆ ಸ್ಟಾಪಿಗೆ ಇರುವುದು ಒಂದು ನಿಮಿಷ. ನಾನು ಹಲ್ಲು ಕಚ್ಚಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಸಂಕ್ರಾಂತಿ ಆದ ಮೇಲೆ ಗಾದಿಲಿಂಗಪ್ಪಣ್ಣ ಕುಂಟತೊಡಗಿದರು. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು ನಿಲ್ಲುವುದು, ನೋವು ಇಳಿದ ಮೇಲೆ ಮತ್ತೆ ನಡೆಯುವುದು. ಬಲಗಾಲಿನ ಒಂದು ಬೆರಳು ಕಪ್ಪಿಟ್ಟಿತ್ತು. ಹೆಂಡತಿ ನಾಗರತ್ನಕ್ಕ ಜಗಳವಾಡಿ ದಾವಣಗೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಬೀಡಿಯಿಂದ ಕಾಲಿನ ರಕ್ತನಾಳ ಸಣ್ಣದಾಗಿದೆ, ರಕ್ತ ಬೆರಳಿನವರೆಗೆ ಮುಟ್ಟುತ್ತಿಲ್ಲ ಎಂದರಂತೆ. ಸದ್ಯಕ್ಕೆ ಗಾಡಿ ಓಡಿಸಬಹುದು, ಆದರೆ ಬೀಡಿಯನ್ನು ಪೂರ್ತಿ ಬಿಡಬೇಕು, ದಿನಾ ನಡೆಯಬೇಕು, ಮೂರು ತಿಂಗಳು ಬಿಟ್ಟು ಬರಬೇಕು. ಬಿಡದಿದ್ದರೆ ಮೊದಲು ಬೆರಳು, ಆಮೇಲೆ ಪಾದ. ಡಿಪೋಕ್ಕೂ ಚೀಟಿ ಹೋಯಿತು. ಮೂರು ತಿಂಗಳಿಗೆ ಕಾಲು ಸುಧಾರಿಸದಿದ್ದರೆ ಸ್ಟೇರಿಂಗ್ ಬಿಡಿಸಿ ಗೇಟಿನಲ್ಲಿ ಕೂರಿಸುವುದು ಎಂದು ತೀರ್ಮಾನವಾಯಿತು.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಹರಪನಹಳ್ಳಿ ಸ್ಟ್ಯಾಂಡಿನಲ್ಲಿ, ಬಸ್ಸಿನ ಟೈರಿಗೆ ಒರಗಿ ನಿಂತು.

"ಬಲಗಾಲು, ತಂಗಿ. ಬ್ರೇಕಿನ ಕಾಲು. ಗೇಟ್‌ನ್ಯಾಗ ಕುಂತು ಬ್ಯಾರೇರ ಬಸ್ಸು ಬರೋದು ಹೋಗೋದು ಬರಕಂತ ಕುಂದ್ರಾಕ ನನ್ನ ಕೈಲೆ ಆಗಂಗಿಲ್ಲ."

ಪ್ಯಾಸೆಂಜರ್ ಯಾರಿಗೂ ಹೇಳಬೇಡ ಎಂದೂ ಅಂದರು. ಕುಂಟ ಡ್ರೈವರ್ ಎಂದು ಜನ ಮಾತಾಡಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಬೀಡಿ, ಗುಟ್ಕಾ ಬಿಡಲು ಬಂದವರ ಜೊತೆ ಮಾತಾಡುವುದಕ್ಕೆಂದೇ ರಮಾ ಎಂಬ ಮೇಡಂ ಇದ್ದಾರೆ. ಬಿಡುವಿನ ಹೊತ್ತಿನಲ್ಲಿ ನಾನೇ ಗಾದಿಲಿಂಗಪ್ಪಣ್ಣನವರನ್ನು ಕರೆದುಕೊಂಡು ಹೋದೆ, ಒಬ್ಬರೇ ಹೋದರೆ ದಾರಿಯಲ್ಲಿ ಬೀಡಿಯಂಗಡಿ ಸಿಗುತ್ತದೆ ಎಂದು. ದಿನಕ್ಕೆ ಯಾವ ಯಾವ ಹೊತ್ತಿಗೆ ಸೇದುತ್ತೀರಿ ಎಂದು ರಮಾ ಮೇಡಂ ಕೇಳಿದರು. ಅವರು ತಲೆ ಕೆರೆದುಕೊಂಡರು. ನಾನು ಗಂಟೆ, ನಿಮಿಷ ಸಮೇತ ಎಲ್ಲವನ್ನೂ ಒದರಿದೆ, ಯಾವ ಬೀಡಿ ಚಹಾದ್ದು, ಯಾವುದು ಊಟದ್ದು, ಯಾವುದು ಸುಮ್ಮನೆ ಕೈ ಖಾಲಿ ಇದ್ದುದರದ್ದು ಎಂದು. ನೀವು ಇವರ ಮನೆಯವರಾ ಎಂದು ಮೇಡಂ ಕೇಳಿದರು. ಅಲ್ಲ, ಕಂಡಕ್ಟರ್ ಎಂದೆ.

ರಮಾ ಮೇಡಂ ಹೇಳಿದ್ದು ಸರಳವಾಗಿತ್ತು. ಬೀಡಿ ಜೇಬಿನಲ್ಲಿಲ್ಲ, ದಿನಚರಿಯಲ್ಲಿದೆ, ದಿನಚರಿಯನ್ನು ಅಲುಗಾಡಿಸಿದರೆ ಅದೂ ಸಡಿಲವಾಗುತ್ತದೆ. ಚಹಾದ ಹಿಂದೆ ಬೀಡಿ ಬರುತ್ತದೆ ಎಂದರೆ ಕೆಲವು ದಿನ ಚಹಾ ಬಿಟ್ಟು ಮಜ್ಜಿಗೆ ಕುಡಿಯಿರಿ. ಊಟವಾದ ಕೂಡಲೇ ಹಲ್ಲುಜ್ಜಿಬಿಡಿ. ನಿಲ್ಲುವ ಜಾಗ ಬದಲಾಯಿಸಿ. ಕೈಗೆ, ಬಾಯಿಗೆ ಏನಾದರೂ ಕೆಲಸ ಕೊಡಿ.

ಗಾದಿಲಿಂಗಪ್ಪಣ್ಣ ಎಲ್ಲವನ್ನೂ ಮಾಡಿದರು, ಆಜ್ಞೆ ಪಾಲಿಸುವ ಜವಾನನಂತೆ. ನಾಗರತ್ನಕ್ಕ ಖಾಕಿ ಅಂಗಿಯ ಜೇಬಿನ ಬಾಯಿಯನ್ನು ಹೊಲಿದುಬಿಟ್ಟರು. ಸ್ಟೇರಿಂಗ್ ಪಕ್ಕದಲ್ಲಿ ಒಂದು ಚೀಲ ಮಂಡಕ್ಕಿ ಬಂತು. ಮಧ್ಯಾಹ್ನ ಎರಡು ಗಂಟೆಗೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನ ನಲ್ಲಿಯ ಮುಂದೆ ಖಾಕಿ ತೊಟ್ಟ ಡ್ರೈವರೊಬ್ಬರು ಹಲ್ಲುಜ್ಜುವುದನ್ನು ನೋಡಿ, ಈಗ ಎದ್ದರೇನೋ ಎಂದು ಜನ ಮಾತಾಡಿಕೊಂಡರು. ಅವರೇ ಓಡಿಸುವ ಬಸ್ಸು ಎಂದು ತಿಳಿದ ಒಬ್ಬ ಅಜ್ಜ ಇಳಿದು ಬೇರೆ ಬಸ್ಸು ಹತ್ತಿದ.

ಇದರಲ್ಲಿ ನನ್ನದೂ ಒಂದು ಕಾಣಿಕೆ ಇರಲಿ ಎಂದುಕೊಂಡೆ. ಇಳಿಯದಿದ್ದರೆ ಸೇದುವುದೆಲ್ಲಿ? ಬಸ್ಸು ನಿಂತು, ಇರುವವರು ಹತ್ತಿದ ಕೂಡಲೇ ಸೀಟಿ ಊದಿಬಿಡುವುದು. ಬೀಡಿಯೂ ಬಿಡುತ್ತದೆ, ಬಸ್ಸೂ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ನಿಜ ಹೇಳುತ್ತೇನೆ, ಎರಡನೆಯದರ ಖುಷಿ ನನಗೆ ಒಂದು ತೂಕ ಹೆಚ್ಚೇ ಇತ್ತು.

ಮೊದಲ ದಿನ ಏಳು ಹತ್ತಕ್ಕೆ ಹುಣಸೆಕಟ್ಟೆ ಕ್ರಾಸಿಗೆ ಬಂದೆವು. ಒಂದು ನರಪಿಳ್ಳೆಯೂ ಇರಲಿಲ್ಲ. ಏಳು ಹನ್ನೊಂದಕ್ಕೆ ಸೀಟಿ ಊದಿದೆ. ಕನ್ನಡಿಯಲ್ಲಿ ಹಿಂದೆ ನೋಡಿದ ಗಾದಿಲಿಂಗಪ್ಪಣ್ಣ ಜನ ಓಡಿ ಬರುತ್ತಿದ್ದಾರೆ ಎಂದರು. ಬಸ್ಸು ಅವರಿಗಾಗಿ ಕಾಯುವುದಲ್ಲ, ಅವರು ಬಸ್ಸಿಗಾಗಿ ಕಾಯಬೇಕು ಎಂದೆ. ಅವರು ಗೇರ್ ಹಾಕಿದರು.

ಮರುದಿನ ಕಾಲೇಜು ಹುಡುಗಿಯರು ಅರ್ಧ ಜಡೆಯಲ್ಲೇ ಓಡಿ ಬಂದು ಹತ್ತಿದರು. ದುರುಗಮ್ಮ ಮೂರನೆಯ ದಿನ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದಳು, ನನ್ನ ಮುಖ ನೋಡಲಿಲ್ಲ. ಎರ್ರೆಮ್ಮ ಮಾತ್ರ ಹತ್ತಲೇ ಇಲ್ಲ. ಕೊನೆಯ ಮನೆ, ಅರವತ್ತರ ಮೇಲಿನ ವಯಸ್ಸು, ತಲೆಯ ಮೇಲೆ ಬುಟ್ಟಿ. ಆಕೆ ಓಣಿಯ ನಡುವೆ ಇರುವಾಗಲೇ ನಾವು ಹೊರಟುಬಿಡುತ್ತಿದ್ದೆವು. ಇತ್ತ ಡಿಪೋದಲ್ಲಿ ಮ್ಯಾನೇಜರ್ ಸಾಹೇಬರು ಏನಮ್ಮ, ಗಾಡಿಗೆ ರೆಕ್ಕೆ ಬಂದಾವೇನು ಎಂದು ನಕ್ಕರು. ನಾನು ಉಬ್ಬಿಹೋದೆ.

ಗಾದಿಲಿಂಗಪ್ಪಣ್ಣ ದಿನದಿಂದ ದಿನಕ್ಕೆ ಸಪ್ಪಗಾದರು. ಬೀಡಿ ಇಲ್ಲದ್ದಕ್ಕೆ ಹೀಗೆ, ಸರಿಹೋಗುತ್ತದೆ ಎಂದುಕೊಂಡೆ. ಒಂದು ಎಮ್ಮೆ ಅಡ್ಡ ಬಂದದ್ದಕ್ಕೆ ಅರ್ಧ ಫರ್ಲಾಂಗು ಹಾರ್ನ್ ಹೊಡೆದರು. ಮಂಡಕ್ಕಿ ಚೀಲ ಎರಡು ದಿನಕ್ಕೆ ಖಾಲಿಯಾಗುತ್ತಿತ್ತು.

ಆರನೆಯ ದಿನ ಕ್ರಾಸಿನಲ್ಲಿ ಇಡೀ ಊರು ರಸ್ತೆಗೆ ಅಡ್ಡ ನಿಂತಿತ್ತು. ಎಲ್ಲರಿಗಿಂತ ಮುಂದೆ ಗಂಗಪ್ಪ, ಎರಡೂ ಕೈಯಲ್ಲಿ ಬೀಡಿ ಕಟ್ಟು, ಅದರ ಮೇಲೆ ಕಡ್ಡಿಪೆಟ್ಟಿಗೆ, ದೇವರಿಗೆ ಕಾಯಿ ಒಪ್ಪಿಸುವವನ ಹಾಗೆ. ಗಲಾಟೆ ಮಾಡಲು ಬಂದಿದ್ದಾರೆ ಎಂದು ನಾನು ಸೆರಗು ಬಿಗಿದುಕೊಂಡು ಇಳಿದೆ. ಗಲಾಟೆ ಅಲ್ಲ, ಕ್ಷಮೆ ಕೇಳಲು ಬಂದಿದ್ದರು. ಡ್ರೈವರಣ್ಣ ಯಾಕೆ ಇಳಿಯುತ್ತಿಲ್ಲ, ಯಾಕೆ ನಿಲ್ಲಿಸುತ್ತಿಲ್ಲ ಎಂದು ಊರು ಕಟ್ಟೆಯ ಮೇಲೆ ಕೂತು ಯೋಚನೆ ಮಾಡಿತ್ತಂತೆ. ಹಿಂದಿನ ತಿಂಗಳು ಗಂಗಪ್ಪ ಅವರ ಮಾಮೂಲು ಬೀಡಿ ಸಿಗಲಿಲ್ಲವೆಂದು ಬೇರೆ ಜಾತಿಯ ಬೀಡಿ ತಂದಿಟ್ಟಿದ್ದ. ಅದಕ್ಕೇ ಸಿಟ್ಟಾಗಿದ್ದಾರೆ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಗಂಗಪ್ಪನನ್ನು ಬೈದು ಕೊಟ್ಟೂರಿಗೆ ಅಟ್ಟಿ ಹಳೆಯ ಬೀಡಿಯನ್ನೇ ತರಿಸಿದ್ದರು.

"ಯಣ್ಣಾ, ತಪ್ಪಾತು. ನಿನ್ನ ಬೀಡಿನ ತಂದೀನಿ ನೋಡು. ಸಿಟ್ಟು ಬಿಟ್ಟು ಒಂದು ಸೇದು" ಎಂದ ಗಂಗಪ್ಪ.

ಗಾದಿಲಿಂಗಪ್ಪಣ್ಣ ಇಳಿದರು. ಆರು ದಿನದಿಂದ ಒಂದೂ ಸೇದಿರಲಿಲ್ಲ. ಬೇಡ ಎಂದರೆ ಸಿಟ್ಟು ನಿಜ ಎಂದಾಗುತ್ತದೆ, ಯಾಕೆ ಬೇಡ ಎಂದು ಹೇಳಿದರೆ ಕಾಲಿನ ವಿಷಯ ಹೊರಬೀಳುತ್ತದೆ. ಅದೆಲ್ಲ ನನ್ನ ಲೆಕ್ಕಾಚಾರ. ಅವರ ಕೈ ಮಾತ್ರ ಯಾವುದನ್ನೂ ಯೋಚಿಸಲಿಲ್ಲ. ಕಟ್ಟಿನಿಂದ ಒಂದನ್ನು ಎಳೆಯಿತು, ಕಡ್ಡಿ ಗೀರಿತು. ಮೊದಲ ದಮ್ಮಿಗೆ ಅವರ ಕಣ್ಣು ಮುಚ್ಚಿಕೊಂಡವು. ಊರಿನ ಮುಖವೆಲ್ಲ ಅರಳಿತು. ದುರುಗಮ್ಮ ಬುತ್ತಿ ಮರೆತಿದ್ದೇನೆ ಎಂದು ಆರಾಮವಾಗಿ ಮನೆ ಕಡೆ ತಿರುಗಿದಳು.

ಆಗ ನನಗೆ ತಡೆಯಲಾಗಲಿಲ್ಲ.

"ಎಲ್ಲಾರೂ ಕೂಡಿ ಆತನ ಕಾಲು ಕಡಸ್ರಿ" ಎಂದು ಕೂಗಿದೆ. "ಒಂದೊಂದು ಬೀಡಿಗೆ ಒಂದೊಂದು ಬೆರಳು ಹೊಕ್ಕೈತಿ ಅಂತ ಡಾಕ್ಟರು ಹೇಳ್ಯಾರ. ಸ್ಟೇರಿಂಗ್ ಕಸಗಂತಾರ ಆತನ ಕೈಯಾಗಿಂದು. ನಿಮಗ ಐದು ನಿಮಿಷ ಬಸ್ಸು ನಿಂತ್ರ ಸಾಕು."

ಡಾಕ್ಟರು ಹಾಗೆ ಲೆಕ್ಕ ಹಾಕಿ ಹೇಳಿರಲಿಲ್ಲ. ಸಿಟ್ಟು ಬಂದಾಗ ನಾನು ಸ್ವಲ್ಪ ಸೇರಿಸುತ್ತೇನೆ. ಗಂಗಪ್ಪ ಬೀಡಿ ಕಟ್ಟನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಗಾದಿಲಿಂಗಪ್ಪಣ್ಣ ಬೀಡಿ ಬಿಸಾಡಿ, ಯಾರ ಮುಖವನ್ನೂ ನೋಡದೆ, ಕುಂಟುತ್ತಾ ಹೋಗಿ ತಮ್ಮ ಸೀಟಿನಲ್ಲಿ ಕೂತರು. ತೆಲಿಗಿಯಲ್ಲಿ ಜನರೆಲ್ಲ ಇಳಿದ ಮೇಲೆ ನನ್ನ ಕಡೆ ತಿರುಗಿದರು.

"ಬೀಡಿ ಸೇದಿದ್ದು ನನ್ನ ತಪ್ಪು, ತಂಗಿ. ಆದ್ರ ನನ್ನ ಕಾಲಿನ ಸುದ್ದಿ ನಡುರಸ್ತ್ಯಾಗ ಹರವಾಕ ನೀ ಯಾರು?"

ಕೊಟ್ಟ ಮಾತು ಮುರಿದವಳು ನಾನು. ಮನೆಗೆ ಹೋಗಿ ಪ್ರಬುದ್ಧನಿಗೆ ಹೇಳಿದರೆ ಅವನೂ ಅವರ ಪರವೇ ಮಾತಾಡಿದ. ಎರಡು ದಿನ ಬಸ್ಸಿನಲ್ಲಿ ನಾನು ಊದಿದ ಸೀಟಿಗೆ ಗೇರಿನ ಸದ್ದೇ ಉತ್ತರ. ನನಗೆ ಬೇರೆ ಯಾರು ಮಾತು ಬಿಟ್ಟರೂ ನಡೆಯುತ್ತದೆ, ಗಾದಿಲಿಂಗಪ್ಪಣ್ಣ ಬಿಟ್ಟರೆ ನಡೆಯದು ಎಂದು ಆಗ ತಿಳಿಯಿತು.

ಮೂರನೆಯ ದಿನ ರಮಾ ಮೇಡಂ ಹತ್ತಿರ ಹೋಗುವ ವಾಯಿದೆ ಇತ್ತು. ಇಬ್ಬರೂ ಹೋಗಿ ಎರಡು ಮೂಲೆಗೆ ಕೂತೆವು. ಒಂದು ಸೇದಿದೆ ಎಂದು ಅವರು ಒಪ್ಪಿಕೊಂಡರು. ಮೇಡಂ ಬೈಯಲಿಲ್ಲ. ಆರು ದಿನ ಬಿಟ್ಟಿದ್ದು ಎಲ್ಲೂ ಹೋಗುವುದಿಲ್ಲ, ನಾಳೆಯಿಂದ ಮುಂದುವರಿಸಿ ಎಂದರು. ಆಮೇಲೆ ಎಲ್ಲಿ, ಹೇಗೆ ಎಂದು ಕೇಳಿದರು. ನಾನು ಕ್ರಾಸಿನ ಕತೆ ಹೇಳಿದೆ, ಐದು ನಿಮಿಷವನ್ನು ಹೇಗೆ ಪೂರ್ತಿ ತೆಗೆದುಹಾಕಿದೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ.

ಮೇಡಂ ನನ್ನನ್ನೇ ನೋಡಿದರು. ಇಪ್ಪತ್ತು ವರ್ಷದಿಂದ ಇವರು ಆ ಹೊತ್ತಿಗೆ ಇಳಿಯುತ್ತಾರೆ, ಜನರ ಮುಖ ನೋಡುತ್ತಾರೆ, ಎರಡು ಮಾತಾಡುತ್ತಾರೆ. ಬೀಡಿ ಬಿಡಿಸಬೇಕಿತ್ತು, ನೀವು ಊರನ್ನೇ ಬಿಡಿಸಿದ್ದೀರಿ ಎಂದರು. ಐದು ನಿಮಿಷ ಅಲ್ಲೇ ಇರಲಿ, ಅದರೊಳಗೆ ಬೇರೆ ಏನಾದರೂ ಇಡಿ. ಡಾಕ್ಟರ ಚೀಟಿ ತೆಗೆದು ನೋಡಿ, ದಿನಾ ನಡೆಯಬೇಕು ಎಂದು ಬರೆದಿದ್ದಾರಲ್ಲ, ಎಲ್ಲಿ ನಡೆಯುತ್ತಿದ್ದೀರಿ ಎಂದು ಗಾದಿಲಿಂಗಪ್ಪಣ್ಣನವರನ್ನು ಕೇಳಿದರು. ನಡೆಯುತ್ತಿರಲಿಲ್ಲ. ದಿನವಿಡೀ ಸ್ಟೇರಿಂಗ್ ಮುಂದೆ ಕೂತವರು ನಡೆಯುವುದು ಯಾವಾಗ?

ಹೊರಗೆ ಬಂದ ಮೇಲೆ ನಾನು ತಪ್ಪಾಯಿತು ಎಂದೆ. ನನ್ನ ಬಾಯಿಂದ ಆ ಮಾತು ಬರುವುದು ಅಪರೂಪ, ಅದು ಅವರಿಗೂ ಗೊತ್ತು. ಅವರು ಮಂಡಕ್ಕಿ ಚೀಲ ನನ್ನ ಕಡೆ ಚಾಚಿದರು. ನಾನು ಒಂದು ಹಿಡಿ ತೆಗೆದುಕೊಂಡೆ. ಅಲ್ಲಿಗೆ ಮುಗಿಯಿತು.

ಮರುದಿನ ಏಳು ಹತ್ತಕ್ಕೆ ಕ್ರಾಸಿನಲ್ಲಿ ಬಸ್ಸು ನಿಂತಿತು. ಗಾದಿಲಿಂಗಪ್ಪಣ್ಣ ಇಳಿದು, ಗಂಗಪ್ಪನ ಅಂಗಡಿ ದಾಟಿ, ಓಣಿಯೊಳಗೆ ನಡೆದರು. ಗಂಗಪ್ಪ ಬೀಡಿ ಕಟ್ಟುಗಳನ್ನೆಲ್ಲ ಹಲಗೆಯ ಕೆಳಗೆ ಅಡಗಿಸಿ, ಅವುಗಳ ಜಾಗದಲ್ಲಿ ಬಾಳೆಹಣ್ಣು ತೂಗುಹಾಕಿದ್ದ. ಇಪ್ಪತ್ತು ವರ್ಷ ಆ ಕ್ರಾಸಿನಲ್ಲಿ ನಿಂತವರು ಊರೊಳಗೆ ಕಾಲಿಟ್ಟಿದ್ದು ಅದೇ ಮೊದಲಂತೆ. ನೀರಿನ ಟ್ಯಾಂಕಿನವರೆಗೆ ಹೋದರು. ಅಲ್ಲಿ ಮೀನಖಂಡ ಹಿಡಿಯಿತು. ಟ್ಯಾಂಕಿಗೆ ಕೈಯೂರಿ ನಿಂತರು. ಎದುರಿಗೆ ಬರುತ್ತಿದ್ದ ದುರುಗಮ್ಮ ಏನೂ ಕೇಳಲಿಲ್ಲ, ಕೊಡ ತುಂಬುವವಳ ಹಾಗೆ ಪಕ್ಕದಲ್ಲಿ ನಿಂತಳು, ಕೈಯಲ್ಲಿ ಕೊಡವೇ ಇರಲಿಲ್ಲ. ನೋವು ಇಳಿದ ಮೇಲೆ ಇಬ್ಬರೂ ಸೇರಿ ಬಂದರು. ನಾನು ಗಡಿಯಾರ ನೋಡಿದೆ, ನಾಲ್ಕು ನಿಮಿಷ ಐವತ್ತು ಸೆಕೆಂಡು.

ನೋಡುವುದು ನನ್ನ ಚಟ, ಅದನ್ನು ಯಾರು ಬಿಡಿಸುತ್ತಾರೆ? ಆದರೆ ಆ ಐದು ನಿಮಿಷವನ್ನು ನಾನು ಬೇರೆ ಕಡೆ ಸರಿದೂಗಿಸಿದೆ. ಹರಪನಹಳ್ಳಿಯ ಕಾಂಪೌಂಡ್ ಬೀಡಿ, ತೆಲಿಗಿಯ ಎರಡು ಬೀಡಿ, ಇವೆಲ್ಲ ಹೋಗಿದ್ದವಲ್ಲ. ಹುಣಸೆಕಟ್ಟೆಗೆ ಐದು ನಿಮಿಷ ಕೊಟ್ಟರೂ ಬಸ್ಸು ಹೊತ್ತಿಗೆ ಮುಟ್ಟುತ್ತಿತ್ತು. ಮ್ಯಾನೇಜರ್ ಸಾಹೇಬರಿಗೆ ಇದು ತಿಳಿಯಲೇ ಇಲ್ಲ.

ಊರಿಗೆ ಹೊಸ ಪದ್ಧತಿ ರೂಢಿಯಾಗಲು ಒಂದು ವಾರವೂ ಬೇಕಾಗಲಿಲ್ಲ. ಈಗ ಜನ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಡ್ರೈವರ್ ಓಣಿಯಲ್ಲಿ ಕಂಡರೆ ಬೀಗ ಹಾಕುವುದು, ಅವರು ತಿರುಗಿದರೆ ಜೊತೆಗೆ ಹೊರಡುವುದು. ಎರಡನೆಯ ವಾರ ಟ್ಯಾಂಕ್ ದಾಟಿ ಎರಡು ಮನೆ. ಮೂರನೆಯ ವಾರ ಬಾರಿಕರ ಮೈಲಪ್ಪನ ಮನೆ. ಯಾರ ಬಾಗಿಲಿಗೆ ಕಾಲು ಹಿಡಿಯುತ್ತದೆಯೋ ಆ ಮನೆಯವರು ಒಂದು ಲೋಟ ಮಜ್ಜಿಗೆ ತಂದುಕೊಡುತ್ತಿದ್ದರು. ಬಸ್ಸಿನೊಳಗೆ ಹುಡುಗಿಯರು ಇವತ್ತು ಎಲ್ಲೀತನಕ ಎಂದು ಪಿಸುಗುಟ್ಟುತ್ತಿದ್ದರು. ಮೊನ್ನೆ ನಮ್ಮ ಮನೆ ಮುಟ್ಟಿದ್ದರು ಎಂದು ದುರುಗಮ್ಮ ಹಾಸ್ಟೆಲಿನಲ್ಲಿ ಹೇಳಿಕೊಂಡಳಂತೆ, ಮಂತ್ರಿ ಬಂದು ಹೋದ ಹಾಗೆ.

ಎಲ್ಲವೂ ಹೂವಿನ ಮೇಲೆ ನಡೆದ ಹಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ನಾಲ್ಕನೆಯ ವಾರ ಒಂದು ದಿನ ಹರಪನಹಳ್ಳಿಯಲ್ಲಿ ಅವರು ಕಾಣಲಿಲ್ಲ. ಕಾಂಪೌಂಡ್ ಹಿಂದೆ ಹೋಗಿ ನೋಡಿದೆ. ಹಳೆಯ ಜಾಗದಲ್ಲಿ ನಿಂತಿದ್ದರು, ಕೈ ಹೊಲಿದ ಜೇಬಿನ ಮೇಲೆ ತಡಕಾಡುತ್ತಿತ್ತು. ಕಣ್ಣಲ್ಲಿ ನೀರು. ಸತ್ತವರು ನೆನಪಾದ ಹಾಗೆ ಆಗುತ್ತದೆ ಎಂದರು, ಒಂದೇ ಒಂದು ದಮ್ಮು ಸಾಕು ಅನ್ನಿಸುತ್ತದೆ ಎಂದರು. ಹೊರಡುವುದಕ್ಕೆ ಮೂರು ನಿಮಿಷ ಇತ್ತು. ಬರ್ರಿ ಅಣ್ಣಾ, ಸ್ಟ್ಯಾಂಡು ಒಂದು ಸುತ್ತು ಹಾಕೋಣ ಎಂದೆ. ಸುತ್ತಿದೆವು. ಮತ್ತೊಂದು ಸುತ್ತಿದೆವು. ಆ ದಿನ ಬಸ್ಸು ಏಳು ನಿಮಿಷ ತಡವಾಗಿ ಹೊರಟಿತು. ಕಾರಣ ಕೇಳಿದರೆ ಕಂಡಕ್ಟರಿಗೆ ತಲೆಸುತ್ತು ಬಂದಿತ್ತು ಎಂದು ಹೇಳಲು ತಯಾರಾಗಿದ್ದೆ. ಯಾರೂ ಕೇಳಲಿಲ್ಲ.

ಎರ್ರೆಮ್ಮ ಮಾತ್ರ ಬಿಗಿಯಾಗಿದ್ದಳು. ಬಸ್ಸು ತಪ್ಪಿಸಿದ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಉಳಿದವರ ಬಾಗಿಲಿಗೆಲ್ಲ ಡ್ರೈವರ್ ಹೋಗುತ್ತಾರೆ, ಅತಿ ದೂರದ ತಾನು ಮಾತ್ರ ಸಂತೆಯ ದಿನ ಬುಟ್ಟಿ ಹೊತ್ತು ಅವರು ನಿಂತಲ್ಲಿಗೆ ನಡೆದು ಬಂದು ಎದುರಾಗಬೇಕು. ನಮ್ಮ ಮನೆತನಕ ಬಂದ ದಿನ ನಿನ್ನನ್ನು ಡ್ರೈವರ್ ಅಂತೀನಿ ಎಂದು ಎದುರಿಗೇ ಹೇಳಿದ್ದಳು. ಗಾದಿಲಿಂಗಪ್ಪಣ್ಣ ನಕ್ಕು, ಬರ್ತೀನಿ ತಡಿಬೇ ಎಂದಿದ್ದರು. ಆದರೆ ಕೊನೆಯ ಐದು ಮನೆ ಬಹಳ ಕಾಡಿದವು. ಅಲ್ಲಿ ಓಣಿ ಸ್ವಲ್ಪ ಏರು. ಹತ್ತು ದಿನ ಒಂದೇ ಕಟ್ಟೆಯ ಹತ್ತಿರ ಕಾಲು ಹಿಡಿಯಿತು.

ಏಪ್ರಿಲ್ ಮೂರನೆಯ ವಾರ ದಾವಣಗೆರೆಗೆ ಹೋಗುವ ದಿನ ಬಂತು. ನಾಗರತ್ನಕ್ಕ ಜೊತೆಗೆ ಹೋಗಿದ್ದರು. ಆ ದಿನ ಬೇರೆ ಡ್ರೈವರ್. ಹುಣಸೆಕಟ್ಟೆಯಲ್ಲಿ ಬಸ್ಸು ನಿಂತರೆ ಎಲ್ಲರೂ ಮೊದಲೇ ಬಂದು ನಿಂತಿದ್ದರು, ಆ ಊರಿನ ಚರಿತ್ರೆಯಲ್ಲೇ ಮೊದಲ ಸಲ. ಸುದ್ದಿ ಏನು ಎಂದು ಕೇಳಲು ಬಂದಿದ್ದರು. ಇನ್ನೂ ಡಾಕ್ಟರ ಬಾಗಿಲು ತೆರೆದಿರುವುದಿಲ್ಲ ಎಂದರೆ ಗಂಗಪ್ಪ ನನ್ನ ಫೋನ್ ನಂಬರ್ ಬರೆದುಕೊಂಡ. ಮಧ್ಯಾಹ್ನದವರೆಗೆ ನಾಲ್ಕು ಸಲ ಮಾಡಿದ.

ನಾಗರತ್ನಕ್ಕನ ಫೋನ್ ಬಂದದ್ದು ಮೂರು ಗಂಟೆಗೆ. ಅವರು ಅಳುತ್ತಿದ್ದರು. ಆಮೇಲೆ ತಿಳಿಯಿತು, ಅದು ಬೇರೆ ಅಳು. ಬೆರಳಿನ ಬಣ್ಣ ತಿರುಗಿದೆ, ಪಾದದಲ್ಲಿ ನಾಡಿ ಕೈಗೆ ಸಿಗುತ್ತಿದೆ, ಸ್ಟೇರಿಂಗ್ ಬಿಡಬೇಕಾಗಿಲ್ಲ ಎಂದರಂತೆ. ಬೀಡಿ ಮುಟ್ಟಿದರೆ ಮಾತ್ರ ಮತ್ತೆ ಅಲ್ಲಿಗೇ. ಎಷ್ಟು ನಡೆಯುತ್ತೀರಿ ಎಂದು ಡಾಕ್ಟರು ಕೇಳಿದ್ದಕ್ಕೆ ಇವರು ಕಿಲೋಮೀಟರಿನಲ್ಲಿ ಹೇಳದೆ ಹದಿನೇಳು ಮನೆ ಎಂದರಂತೆ. ನಾನು ತೆಲಿಗಿಯ ಸ್ಟಾಪಿನಲ್ಲಿ, ಖಾಲಿ ಬಸ್ಸಿನಲ್ಲಿ ಕೂತು ಚೆನ್ನಾಗಿ ಅತ್ತುಬಿಟ್ಟೆ. ಖುಷಿಗೆ ಅಳುವುದಕ್ಕೆ ನನಗೇನೂ ನಾಚಿಕೆ ಇಲ್ಲ.

ಮರುದಿನ ಗಾದಿಲಿಂಗಪ್ಪಣ್ಣ ಕ್ರಾಸಿನಲ್ಲಿ ಇಳಿದರು. ಯಾರೋ ಚಪ್ಪಾಳೆ ಹೊಡೆಯಲು ಹೋದರು, ಅವರು ಕೈ ಸನ್ನೆ ಮಾಡಿ ತಡೆದು ನಡೆದರು. ಟ್ಯಾಂಕ್ ದಾಟಿದರು. ದುರುಗಮ್ಮನ ಮನೆ, ಮೈಲಪ್ಪನ ಮನೆ ದಾಟಿದರು. ಹತ್ತು ದಿನ ಕಾಲು ಹಿಡಿದಿದ್ದ ಕಟ್ಟೆಯನ್ನೂ ದಾಟಿದರು. ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ, ಬಸ್ಸಿನಲ್ಲಿದ್ದವರೆಲ್ಲ ಆ ಕಡೆಯ ಕಿಟಕಿಗೆ ಬಂದಿದ್ದರು. ಏರು ಹತ್ತಿ ಕೊನೆಯ ಬಾಗಿಲ ಮುಂದೆ ಖಾಕಿ ಅಂಗಿ ನಿಂತಿದ್ದು ಕಂಡಿತು. ಒಳಗಿನಿಂದ ಎರ್ರೆಮ್ಮ ಬಂದಳು. ಏನೋ ಮಾತಾಯಿತು, ನಮಗೆ ಕೇಳಲಿಲ್ಲ. ಆಕೆ ಮತ್ತೆ ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಒಗೆದ ಸೀರೆ ಉಟ್ಟು ಹೊರಗೆ ಬಂದಳು. ಇಬ್ಬರೂ ಸೇರಿ ಇಳಿದು ಬಂದರು. ಎಲ್ಲೂ ನಿಲ್ಲಲಿಲ್ಲ.

ಹತ್ತು ನಿಮಿಷ ಆಗಿತ್ತು. ಆಗಲಿ ಬಿಡಿ.

ಗಾದಿಲಿಂಗಪ್ಪಣ್ಣ ತಮ್ಮ ಸೀಟಿಗೆ ಹೋದರು. ಎರ್ರೆಮ್ಮ ಹತ್ತಿ ಮುಂದಿನ ಸೀಟಿನಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಅಂದು ಸಂತೆಯ ದಿನವೂ ಅಲ್ಲ. ಟಿಕೆಟ್ ಮಿಷನ್ ಹಿಡಿದು, ಎಲ್ಲಿಗೆ ಎಂದು ಕೇಳಿದೆ.

"ಎಲ್ಲಿಗರ ಕೊಡವ್ವ" ಎಂದಳು. "ನನಗೇನೂ ಕೆಲಸಿಲ್ಲ ಇವತ್ತು. ಆ ಕಾಲು ತಗಂಡು ಬಾಗಿಲತನಕ ಕರಿಯಾಕ ಬಂದಾನ, ಬರಂಗಿಲ್ಲ ಅಂತ ಹೆಂಗ ಕಳಿಸ್ಲಿ?"

ಹರಪನಹಳ್ಳಿಗೆ ಒಂದು ಹರಿದುಕೊಟ್ಟೆ.